ಏಳನೇ ಅಧ್ಯಾಯದಿಂದ ಮುಂದೆ

ಮೇಷ್ಟ್ರು: ಇನ್ನೊಂದ್ಸಲ ಕೇಳು ಅದನ್ನ!

ಭಾವಮೈದ: ಮೂರು ಸಲ ಕೇಳಿದ್ದಾಯ್ತು ಭಾವ. ಪದ, ವಾಕ್ಯ ಎಲ್ಲ ಎಣಿಸಿ ಅದೇ ಹೇಳ್ತಿದೆ. ಕಾವ್ಯದ ಮೊದಲರ್ಧ ಒಬ್ಬರದು, ಮಿಕ್ಕಿದ್ದು ಇನ್ನೊಬ್ಬರದು.

ಮೇಷ್ಟ್ರು: ಮೊನ್ನೆ ಮೊನ್ನೆ ಹುಟ್ಟಿದ್ದು, ಎಂಟುನೂರು ವರ್ಷದ ಕವಿ ಮೇಲೆ ತೀರ್ಪು ಕೊಡುತ್ತಾ?

ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಕಂಪ್ಯೂಟರ್ ಬಂದು ವರ್ಷವಾಗಿತ್ತು. ಧೂಳು ಅದಕ್ಕೆ ಆಗಿಬರುವುದಿಲ್ಲವೆಂದು ಎಲ್ಲರೂ ಬೂಟು ಕಳಚಿಯೇ ಒಳಗೆ ಬರಬೇಕು. ಸಾಹಿತ್ಯದ ಮೇಷ್ಟ್ರಿಗೆ ಮೊದಲ ಸಿಟ್ಟು ಅದೇ. ಕುಲಪತಿಗಳ ಕೋಣೆಗೂ ಅವರು ಬೂಟು ಹಾಕಿಕೊಂಡೇ ಹೋದವರು. ಎರಡನೆಯ ಸಿಟ್ಟು ಇನ್ನೂ ದೊಡ್ಡದು. ಆ ಕಾವ್ಯವೆಲ್ಲ ಒಬ್ಬನದೇ ಎಂದು ವಾದಿಸಿ ಅವರು ಬರೆದ ‘ಕವಿ ಒಬ್ಬನೇ’ ಎಂಬ ಪುಸ್ತಕದ ಮೇಲೆ ಅವರ ಹೆಸರು, ಹುದ್ದೆ, ಮರ್ಯಾದೆ ಎಲ್ಲ ನಿಂತಿತ್ತು. ನಾಳೆ ವಿದ್ವಾಂಸರ ಸಭೆಯಲ್ಲಿ ಯಂತ್ರದ ಮಾತಿಗೆ ಉತ್ತರ ಕೊಡಬೇಕು. ಯಂತ್ರ ನಡೆಸುವವನೋ, ಗಣಿತ ಕಲಿಸುವ ಸ್ವಂತ ಭಾವಮೈದ. ಕಾವ್ಯವನ್ನು ಅದರೊಳಗೆ ಟೈಪು ಮಾಡಿದವಳು ಕೈಹಿಡಿದ ಹೆಂಡತಿ. ಮನೆಯವರೇ ಸೇರಿ ಗುಂಡಿ ತೋಡಿದರಲ್ಲ ಎಂದು ಅವರಿಗೆ ಉರಿ.

ಮೇಷ್ಟ್ರು: ನನ್ನ ಪುಸ್ತಕ ಹಾಕು ಇದಕ್ಕೆ.

ಹೆಂಡತಿ: ಅದ್ಯಾಕ್ರೀ?

ಮೇಷ್ಟ್ರು: ಅದನ್ನ ಬರೆದೋನು ನಾನೊಬ್ಬನೇ. ಅದರಲ್ಲೂ ಇಬ್ರು ಕಂಡ್ರೆ ಇದರ ಬಂಡವಾಳ ಬಯಲಾಗುತ್ತೆ. ಎರಡನೇ ಮುದ್ರಣಕ್ಕೆ ಅಂತ ನೀನೇ ಟೈಪು ಮಾಡಿದ್ದೆಯಲ್ಲ, ಆ ಫ್ಲಾಪಿ ಎಲ್ಲಿ?

ಹೆಂಡತಿ: ಕಾಣ್ತಿಲ್ಲ.

ಭಾವಮೈದ: ನಿನ್ನ ಚೀಲದಲ್ಲೇ ಇದೆಯಲ್ಲಕ್ಕ.

ಹೆಂಡತಿ: ಚುರುಕಾಗಿದೆ ಕಣ್ಣು.

ಫ್ಲಾಪಿ ಒಳಗೆ ಹೋಯಿತು. ಯಂತ್ರ ಗೊರಗೊರ ಎಂದಿತು. ಹಸಿರು ಅಕ್ಷರ ಓಡಿದವು, ನಿಂತವು, ಮತ್ತೆ ಓಡಿದವು. ಮೂವರೂ ಕಾದರು. ಕೊನೆಗೆ ಪ್ರಿಂಟರು ಕಿರ್ರೋ ಎಂದು ಕಿರುಚುತ್ತ ಒಂದು ಮೊಳ ಕಾಗದ ಉಗುಳಿತು.

ಭಾವಮೈದ: ಇಬ್ರು.

ಮೇಷ್ಟ್ರು: ಸಿಕ್ಕಿಬಿತ್ತು ಕಳ್ಳ ಯಂತ್ರ! ಎಲ್ಲಿಂದ?

ಭಾವಮೈದ: ಏಳನೇ ಅಧ್ಯಾಯದಿಂದ ಮುಂದೆ. ಆರರವರೆಗೆ ‘ನಿಸ್ಸಂದೇಹವಾಗಿ’ ಅನ್ನೋದು ಪುಟಪುಟಕ್ಕೂ ಇದೆ. ಆಮೇಲೆ ಒಂದೂ ಇಲ್ಲ.

ಹೆಂಡತಿ: ಆಮೇಲೆ ಸಂದೇಹ ಬಂದಿರ್ಬೇಕು.

ಭಾವಮೈದ: ಆರರವರೆಗೆ ಒಂದೊಂದು ವಾಕ್ಯ ಅರ್ಧ ಪುಟ. ಏಳರಿಂದ ವಾಕ್ಯಗಳು ಮುಗಿಯುತ್ವೆ.

ಮೇಷ್ಟ್ರು: ಬರೀತಾ ಬರೀತಾ ಕೈ ಪಳಗುತ್ತೆ ಕಣಯ್ಯಾ! ವಿಮರ್ಶಕರು ಏನಂದ್ರು? ‘ಆರು ಅಧ್ಯಾಯ ತಡೆದುಕೊಂಡವರಿಗೆ ಮುಂದೆ ರಸದೌತಣ’ ಅಂತ. ಈ ಡಬ್ಬಕ್ಕೆ ಅದೆಲ್ಲಿ ತಿಳಿಯಬೇಕು? ನಾಳೆ ಸಭೇಲಿ ಈ ಕಾಗದಾನೇ ಹಿಡಿದು ತೋರಿಸ್ತೀನಿ. ಕಾವ್ಯಾನೂ ಒಬ್ಬನದೇ, ಪುಸ್ತಕಾನೂ ಒಬ್ಬನದೇ, ಯಂತ್ರ ಒಂದೇ ಸುಳ್ಳು!

ಅವರ ಮುಖ ಆರು ತಿಂಗಳಿಂದ ಅಷ್ಟು ಅರಳಿರಲಿಲ್ಲ. ಹೆಂಡತಿ ಕನ್ನಡಕ ತೆಗೆದು ಒರೆಸಿದಳು. ಅದು ಮೊದಲೇ ಶುಭ್ರವಾಗಿತ್ತು.

ಹೆಂಡತಿ: ಆ ಕಾಗದ ತೋರಿಸ್ಬೇಡಿ.

ಮೇಷ್ಟ್ರು: ಯಾಕೆ? ತಮ್ಮನ ಮಾನ ಹೋಗುತ್ತೆ ಅಂತಲೋ?

ಹೆಂಡತಿ: ಏಳನೇ ಅಧ್ಯಾಯದ ಹೊತ್ತಿಗೆ ನಿಮಗೆ ಕಾಮಾಲೆ ಆಗಿತ್ತು.

ಮೇಷ್ಟ್ರು: ಗೊತ್ತಿಲ್ವೇ ನನಗೆ? ಮಲಗಿದಲ್ಲೇ ಹೇಳ್ತಿದ್ದೆ, ನೀನು ಬರ್ಕೋತಿದ್ದೆ.

ಹೆಂಡತಿ: ಹೇಳ್ತಾ ಹೇಳ್ತಾ ನಿದ್ದೆ ಹೋಗ್ತಿದ್ರಿ.

ಮೇಷ್ಟ್ರು: ಎದ್ದು ಮುಂದುವರಿಸ್ತಿದ್ದೆ.

ಹೆಂಡತಿ: ನೀವು ಏಳೋ ಹೊತ್ತಿಗೆ ಅಧ್ಯಾಯ ಮುಗಿದಿರ್ತಿತ್ತು.

ಮೇಷ್ಟ್ರು: ಆಮೇಲೆ ವಾಸಿ ಆಯ್ತಲ್ಲ! ಹತ್ತನೇ ಅಧ್ಯಾಯ ನಾನು ಕೂತು ನನ್ನ ಕೈಯಾರೆ ಬರೆದದ್ದು!

ಹೆಂಡತಿ: ಬರೆದ್ರಿ. ಅಷ್ಟರಲ್ಲಿ ನಾನು ವಾದಾನ ಬೇರೆ ಕಡೆಗೆ ತಂದಿದ್ದೆ. ನಿಮ್ಮದು ಅದಕ್ಕೆ ಹೊಂದಲಿಲ್ಲ, ಅದನ್ನೂ ನಾನೇ ಬರೆದು ಅಚ್ಚಿಗೆ ಕಳಿಸಿದೆ.

ಮೇಷ್ಟ್ರು: ಅಚ್ಚಾದ ಮೇಲೆ ನಾನು ಓದಿದೆನಲ್ಲೇ?

ಹೆಂಡತಿ: ಓದಿದ್ರಿ. ‘ಎಷ್ಟು ಚೆನ್ನಾಗಿ ಬರೆದಿದೀನಿ ನೋಡೇ’ ಅಂದ್ರಿ. ಅಷ್ಟು ಖುಷಿಯಾಗಿದ್ರಿ, ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಮೇಷ್ಟ್ರಿಗೆ ನಾಚಿಕೆಯಾಯಿತು. ಭಾಷಣಗಳಲ್ಲಿ ಅವರು ಬಾಯಿಪಾಠ ಒಪ್ಪಿಸುತ್ತಿದ್ದ ಸಾಲುಗಳೆಲ್ಲ ಏಳನೆಯ ಅಧ್ಯಾಯದಿಂದ ಮುಂದಿನವೇ. ಕುರ್ಚಿ ಎಳೆದುಕೊಂಡು ಕೂತರು. ಬರಿಗಾಲಿಗೆ ನೆಲ ತಣ್ಣಗಿತ್ತು.

ಭಾವಮೈದ: ಹಾಗಾದ್ರೆ ಪುಸ್ತಕದ ವಿಷಯದಲ್ಲಿ ಯಂತ್ರ ಸರಿ. ಅಂದಮೇಲೆ ಕಾವ್ಯದ ವಿಷಯದಲ್ಲೂ...

ಮೇಷ್ಟ್ರು: ನೀನು ಬಾಯಿ ಮುಚ್ಕೊಂಡಿರು. (ಹೆಂಡತಿಯ ಕಡೆಗೆ ತಿರುಗಿ, ದನಿ ತಗ್ಗಿಸಿ) ನಾಳೆ ಏನು ಹೇಳ್ಲೇ? ಅದನ್ನಾದ್ರೂ ನೀನೇ ಹೇಳು. ಕವಿ ಒಬ್ಬನೇ ಅನ್ಲೋ, ಇಬ್ರು ಅನ್ಲೋ?

ಹೆಂಡತಿ ಫ್ಲಾಪಿಯನ್ನು ಚೀಲಕ್ಕೆ ಹಾಕಿಕೊಂಡಳು. ಬಾಗಿಲ ಹೊರಗಿದ್ದ ಅವರ ಬೂಟನ್ನು ಕಾಲಿನ ಹತ್ತಿರಕ್ಕೆ ತಂದಿಟ್ಟಳು.

ಹೆಂಡತಿ: ಒಬ್ಬನೇ ಅನ್ನಿ. ಮದುವೆ ಆಗಿತ್ತು ಅನ್ನಿ.