ಹೊಟ್ಟೆಕಿಚ್ಚು ಹತ್ತಕ್ಕೆ ಎಂಟು

ನನ್ನ ನಾದಿನಿಗೆ ತಲೆ ಸರಿಯಿಲ್ಲ ಅಂತ ನಾನು ಯಾವತ್ತೂ ಹೇಳಿದವಳಲ್ಲ. ಬುಕ್ಕಾಂಬುಧಿಯಿಂದ ಅಜ್ಜಂಪುರದ ತನಕ ಅಷ್ಟೊಂದು ಜನ ಹೇಳುತ್ತಿರುವಾಗ ನಾನೊಬ್ಬಳು ಹೇಳಿ ಬಾಯಿ ಯಾಕೆ ನೋಯಿಸಿಕೊಳ್ಳಲಿ?

ಅವಳಿಗೀಗ ಐವತ್ತೊಂಬತ್ತು. ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ನಮ್ಮೂರಿಗೇ ಕೊಟ್ಟದ್ದರಿಂದ ಮನೆ ಪಕ್ಕದ ಬೀದಿಯಲ್ಲೇ. ಅಜ್ಜಂಪುರದಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟಿದ್ದಾಳೆ. ಈ ವಯಸ್ಸಿನ ಹೆಂಗಸರು ಏನು ಮಾಡುತ್ತಾರೆ ಹೇಳಿ? ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ, ಧಾರಾವಾಹಿ ನೋಡುತ್ತಾರೆ, ಬಿಡುವಿದ್ದರೆ ಸೊಸೆಯನ್ನು ಬೈಯುತ್ತಾರೆ. ಇವಳು ಮನಶ್ಶಾಸ್ತ್ರ ಓದುತ್ತಾಳೆ! ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಮಕ್ಕಳ ಮದುವೆಯನ್ನೆಲ್ಲ ಮುಗಿಸಿ, ಎಸ್ಸೆಸ್ಸೆಲ್ಸಿ ಕಟ್ಟಿ, ಪಿಯುಸಿ ಕಟ್ಟಿ, ಈಗ ಮನೆಯಲ್ಲೇ ಕೂತು ಓದುವ ಬಿ.ಎ.ಯ ಕೊನೇ ವರ್ಷಕ್ಕೆ ಬಂದು ನಿಂತಿದ್ದಾಳೆ. ಭಾನುವಾರ ಬಂದರೆ ಬಸ್ಸು ಹತ್ತಿ ಕಡೂರಿಗೆ ಹೋಗಿ ಪಾಠ ಕೇಳಿ ಬರುತ್ತಾಳೆ. ಆ ಕ್ಲಾಸಿನಲ್ಲಿ ಅವಳಿಗಿಂತ ವಯಸ್ಸಾದದ್ದು ಅಂದರೆ ಕಟ್ಟಡ ಒಂದೇ.

ಓದಲಿ, ಯಾರು ಬೇಡ ಅಂದರು? ಆದರೆ ಈ ಕೊನೇ ವರ್ಷದಲ್ಲಿ ಪ್ರಾಜೆಕ್ಟು ಅಂತ ಒಂದು ಇದೆಯಂತೆ. ಬದುಕಿರುವ ಯಾರಾದರೂ ಒಬ್ಬರನ್ನು ಹಿಡಿದು, ಅವರ ಸ್ವಭಾವ ಏನು, ಅದು ಹಾಗೆ ಯಾಕಾಯಿತು ಅಂತ ಬಗೆದು ನೋಡಿ, ನಲವತ್ತು ಪುಟ ಬರೆಯಬೇಕಂತೆ. ಅದನ್ನು ಕೊಡದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹೋದ ವರ್ಷ ಇದೊಂದು ಮುಗಿಯದೆ ಒಂದು ವರ್ಷ ಹಾಳಾಯಿತು. ಈ ಸಲವೂ ತಪ್ಪಿದರೆ ಹೆಸರನ್ನೇ ತೆಗೆದುಹಾಕುತ್ತಾರಂತೆ. ಅಲ್ಲಿಗೆ ಡಿಗ್ರಿ ಕನಸು ಮುಗಿಯಿತು.

ಮೊದಲು ಅವಳು ಹಿಡಿದದ್ದು ತನ್ನ ಗಂಡನನ್ನು. ಅವರು ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲ ಅಂತ ಮೂವತ್ತು ವರ್ಷದ ಹಿಂದೆಯೇ ಮಾತು ನಿಲ್ಲಿಸಿದ ಮಹಾನುಭಾವರು. ಮೂರು ದಿನ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ ಕೇಳಿ, ಕೊನೆಗೆ ನನ್ನ ಹತ್ತಿರ ಬಂದಳು.

"ಅರ್ಧ ಪುಟ ಆಯ್ತು ಅತ್ಗೆ. ಅವ್ರ ಮನಸ್ಸು ಅಷ್ಟಕ್ಕೇ ಮುಗ್ದೋಯ್ತು."

ಹೇಳುತ್ತಾ ಹೇಳುತ್ತಾ ನನ್ನನ್ನು ಕಾಲಿನಿಂದ ತಲೆಯ ತನಕ, ಬ್ಲೌಸಿಗೆ ಅಳತೆ ತೆಗೆಯುವ ಹಾಗೆ ನೋಡಿದಳು.

"ನೀವು ನಲವತ್ತು ಪುಟ ಬತ್ತೀರ ಅತ್ಗೆ."

"ನಲವತ್ತು ಪುಟ ಬರೋಷ್ಟು ನಾನೇನೇ ಪಾಪ ಮಾಡಿದೀನಿ?"

"ಅದನ್ನೇ ಕಂಡುಹಿಡೀಬೇಕು!"

ಹೀಗೆ ನಾನು ಸಿಕ್ಕಿಹಾಕಿಕೊಂಡೆ.

ನನಗಿಂತ ಮೊದಲು ಸಿಕ್ಕಿಹಾಕಿಕೊಂಡವರು ಅಂಗಡಿಗೆ ಬರುವ ಗಿರಾಕಿಗಳು. ಎದೆಯ ಸುತ್ತ ಟೇಪು ಬಿಗಿದು ಹಿಡಿದುಕೊಂಡು, "ಚಿಕ್ಕಂದಿನಲ್ಲಿ ನಿಮ್ಮನ್ನ ಯಾರು ಜಾಸ್ತಿ ಮುದ್ದು ಮಾಡ್ತಿದ್ರು?" ಅಂತ ಕೇಳಿದರೆ ಯಾರು ತಾನೇ ಓಡಿಹೋಗಲು ಸಾಧ್ಯ? ಉತ್ತರ ಹೇಳುವ ತನಕ ಟೇಪು ಬಿಡುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು. ಇವಳು ಅಳತೆ ಬರೆಯುವ ಪುಸ್ತಕದಲ್ಲೇ, ಅದೇ ಸಾಲಿನಲ್ಲೇ, ಸ್ವಭಾವವನ್ನೂ ಬರೆಯತೊಡಗಿದಳು. ಎದೆ ಮೂವತ್ತಾರು, ತೋಳು ಒಂಬತ್ತು, ಕೋಪ ಐದು, ಹಠ ಏಳು!

ಒಂದು ದಿನ ನಾನು ಅಂಗಡಿಯಲ್ಲಿ ಕೂತಿದ್ದಾಗಲೇ ದೊಡ್ಡ ಮನೆಯ ಹೆಂಗಸೊಬ್ಬರು ಆ ಪುಸ್ತಕ ತಿರುಗಿಸಿ ನೋಡಿಬಿಟ್ಟರು.

"ಏನ್ರೀ ಇದು? ಸೊಂಟ ಮೂವತ್ತೆಂಟು ಅಂತ ಬರೀರಿ, ಒಪ್ಕೋತೀನಿ. ಹೊಟ್ಟೆಕಿಚ್ಚು ಎಂಟು ಅಂದ್ರೇನು?"

"ಹತ್ತಕ್ಕೆ ಎಂಟು ಕಣ್ರೀ," ಅಂದಳು ಇವಳು, ಮಿಷನ್ನಿನಿಂದ ತಲೆ ಎತ್ತದೆ.

"ನನಗೆ ಹೊಟ್ಟೆಕಿಚ್ಚಾ? ಯಾರ ಮೇಲೆ? ನಮ್ ತಂಗೀನೂ ಇಲ್ಲೇ ಹೊಲಿಸ್ತಾಳಲ್ಲ, ಅವಳದ್ದು ಎಷ್ಟು ಬರ್ದಿದೀರಿ?"

"ಅವ್ರದ್ದು ಏಳು."

"ಹಂಗಾದ್ರೆ ನಂದು ಆರು ಮಾಡ್ರೀ!"

ಇವಳು ಪೆನ್ಸಿಲ್ ತೆಗೆದುಕೊಂಡು ಎಂಟನ್ನು ಹೊಡೆದುಹಾಕಿದಳು. ಆಕೆಗೆ ಸಮಾಧಾನವಾಯಿತು. ಪಕ್ಕದಲ್ಲಿ ಒಂಬತ್ತು ಅಂತ ಬರೆದದ್ದನ್ನು ಆಕೆ ನೋಡಲಿಲ್ಲ, ನಾನು ನೋಡಿದೆ.

ಇನ್ನೊಂದು ಸಲ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಹುಡುಗಿ ತರೀಕೆರೆಯ ಹಾಸ್ಟೆಲಿಗೆ ಸೇರಿ ಓದುವವಳು. ಕಡ್ಡಿಯ ಹಾಗಿದ್ದಳು, ಕಾಲ ಹೆಬ್ಬೆರಳು ನೋಡಿಕೊಂಡೇ ಮಾತಾಡುತ್ತಿದ್ದಳು. ಇವಳು ಅಳತೆ ತೆಗೆದು, ಒಳಗೆ ಎರಡಿಂಚು ಬಟ್ಟೆ ಜಾಸ್ತಿ ಬಿಟ್ಟು ಹೊಲಿಯುತ್ತೇನೆ ಅಂದಳು.

"ಅವಳೇನು ಇನ್ನು ದಪ್ಪ ಆಗಲ್ಲ ಬಿಡ್ರೀ," ಅಂದಳು ತಾಯಿ.

"ದಪ್ಪಕ್ಕಲ್ಲ ಕಣ್ರೀ, ಧೈರ್ಯಕ್ಕೆ. ಬಗ್ಗಿ ನಿಂತೋರು ನೆಟ್ಟಗೆ ನಿಂತ್ರೆ ಅಳತೆ ಬದಲಾಗ್ತದೆ."

ತಾಯಿ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಆರು ತಿಂಗಳಾದ ಮೇಲೆ ಆ ಹುಡುಗಿ ಒಬ್ಬಳೇ ಬಂದು, ಬ್ಲೌಸು ಬಿಗಿಯಾಗಿದೆ, ಹೊಲಿಗೆ ಬಿಚ್ಚಿ ಕೊಡಿ ಆಂಟಿ ಅಂತ ಜೋರಾಗಿ ಕೇಳಿದಳು. ನಾದಿನಿಗೆ ಪದವಿಯೇ ಬಂದಷ್ಟು ಸಂತೋಷ! "ನೋಡಿದ್ರಾ ಅತ್ಗೆ, ವ್ಯಕ್ತಿತ್ವ ವಿಕಸನ!" ಅಂದಳು. ಹಾಸ್ಟೆಲಿನ ಊಟ ಚೆನ್ನಾಗಿರಬೇಕು ಅಂದೆ ನಾನು.

ಇನ್ನು ನನ್ನ ಪಾಡು ಕೇಳಿ. ಕಡೂರಿನಲ್ಲಿ ಯಾರೋ ಇವಳಿಗೆ ಒಂದು ವಿದ್ಯೆ ಹೇಳಿಕೊಟ್ಟರು. ಎದುರಿನವರು ಹೇಳಿದ್ದನ್ನೇ ತಿರುಗಿಸಿ ಅವರಿಗೇ ಹೇಳಿದರೆ ಅವರ ಮನಸ್ಸು ತೆರೆದುಕೊಳ್ಳುತ್ತದಂತೆ. ಮಾರನೇ ದಿನ ನಾನು ಜಗಲಿ ಮೇಲೆ ಕಾಲು ಚಾಚಿ ಕೂತಿದ್ದೆ.

"ಸೊಂಟ ನೋವು ಕಣೇ," ಅಂದೆ.

"ನಿಮಗೆ ಸೊಂಟ ನೋವು ಅನ್ನಿಸ್ತಿದೆ."

"ಅನ್ಸೋದೇನು ಬಂತು? ಐತೆ!"

"ಐತೆ ಅಂತ ನಿಮಗೆ ಅನ್ನಿಸ್ತಿದೆ."

"ಒಳಗೆ ಎಣ್ಣೆ ಬಾಟ್ಲು ಐತೆ, ತಂದು ಹಚ್ಚೇ."

"ಎಣ್ಣೆ ಹಚ್ಚಿದ್ರೆ ಚೆನ್ನಾಗಿರ್ತಿತ್ತು ಅಂತ…"

ಕೈಗೆ ಸಿಕ್ಕಿದ ಪೊರಕೆ ಎತ್ತಿದೆ. ಅದನ್ನು ಮಾತ್ರ ಅವಳು ತಿರುಗಿಸಿ ಹೇಳಲಿಲ್ಲ. ಅಲ್ಲಿಂದ ಹೋಗಿ ಗಂಡನ ಮೇಲೆ ಆ ವಿದ್ಯೆ ಪ್ರಯೋಗ ಮಾಡಿದಳಂತೆ. ಅವರು ಬಾಯಿ ತೆರೆಯಲಿಲ್ಲ, ಆದ್ದರಿಂದ ಇವಳಿಗೆ ತಿರುಗಿಸಿ ಹೇಳಲು ಏನೂ ಸಿಗಲಿಲ್ಲ. ಇಬ್ಬರೂ ಒಂದು ಗಂಟೆ ಎದುರು ಬದುರು ಸುಮ್ಮನೆ ಕೂತಿದ್ದರು. ಮದುವೆಯಾದ ಮೇಲೆ ಅಂಥ ಒಳ್ಳೆಯ ಗಂಟೆ ಇನ್ನೊಂದು ಬಂದಿರಲಿಲ್ಲ ಅಂತ ಅವರೇ ಸ್ವಂತ ಬಾಯಿಂದ ನನ್ನ ಹತ್ತಿರ ಹೇಳಿದರು!

ಆಮೇಲೆ ಇಂಕಿನ ಪರೀಕ್ಷೆ. ಹಾಳೆಯ ಮೇಲೆ ಇಂಕು ಸುರಿದು, ಮಡಚಿ, ಬಿಡಿಸಿ ನನ್ನ ಮೂಗಿನ ಕೆಳಗೆ ಹಿಡಿದಳು.

"ಏನು ಕಾಣ್ತೈತೆ ಹೇಳಿ ಅತ್ಗೆ."

"ಇಂಕು ಚೆಲ್ಲಿರೋದು ಕಾಣ್ತೈತೆ."

"ಇನ್ನೂ ಏನಾದ್ರೂ? ಯೋಚನೆ ಮಾಡಿ."

"ಚೆಲ್ಲಿದೋಳು ಒರೆಸದೆ ಇಲ್ಲಿ ತಂದಿರೋದು ಕಾಣ್ತೈತೆ."

ಅದನ್ನೂ ಬರೆದುಕೊಂಡಳು. ಅದಾದ ಮೇಲೆ ನೂರು ಪ್ರಶ್ನೆಗಳ ಪಟ್ಟಿ. ಹೊಸ ಜನರ ಜೊತೆ ಬೆರೆಯಲು ನಿಮಗೆ ಇಷ್ಟವೇ ಅಂತ ಒಂದು ಪ್ರಶ್ನೆ. ಯಾವ ಊರಿನವರು, ಯಾರ ಪೈಕಿ ಅಂತ ಕೇಳಿದೆ. ಯಾರೋ ಒಬ್ಬರು ಅಂದಳು. ಯಾರೋ ಒಬ್ಬರ ಜೊತೆ ಬೆರೆಯಲು ನನಗೇನು ಹುಚ್ಚೇ? ಇನ್ನೊಂದು ಪ್ರಶ್ನೆ ಇದಕ್ಕಿಂತ ಚೆಂದ.

"ಏನಾದ್ರೂ ತೀರ್ಮಾನ ಮಾಡ್ಬೇಕಾದ್ರೆ ನೀವು ಹೃದಯದ ಮಾತು ಕೇಳ್ತೀರೋ, ಬುದ್ಧಿ ಮಾತು ಕೇಳ್ತೀರೋ?"

"ನಿಮ್ಮವ್ವನ ಮಾತು ಕೇಳ್ತಿದ್ದೆ. ಮಿಕ್ಕ ಎರಡಕ್ಕೂ ಈ ಮನೇಲಿ ಕೆಲ್ಸ ಇರ್ಲಿಲ್ಲ."

ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ, ತಲೆ ಬಗ್ಗಿಸಿ ಬರೆದುಕೊಂಡಳು. ಹೀಗೆ ಎರಡು ತಿಂಗಳು ನನ್ನನ್ನು ಅರೆದು ಹಿಂಡಿ ಮೂವತ್ತೊಂಬತ್ತು ಪುಟ ಮಾಡಿದಳು. ನಲವತ್ತನೆಯದರಲ್ಲಿ ಒಂದೇ ಪ್ರಶ್ನೆ. ನೀವು ಮಾಡಿದ, ಇಂದಿಗೂ ನಿಮ್ಮ ಮನಸ್ಸಿಗೆ ಚುಚ್ಚುವ ಕೆಲಸ ಯಾವುದು? ನಾನು ಯಾವುದೂ ಇಲ್ಲ ಅಂದೆ. ಅವಳು ಯಾವುದೂ ಇಲ್ಲ ಅಂತಲೇ ಬರೆದು ಕಡೂರಿಗೆ ಒಯ್ದಳು.

ವಾಪಸ್ ಬಂತು! ಅವಳಿಗೆ ದಾರಿ ತೋರಿಸುವ ಮೇಡಂ ಅವಳ ಮಗಳ ವಯಸ್ಸಿನವರು. ಕೊನೇ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದರು: "ಪೂರ್ತಿ ಓದಿದೆ. ಇವರ ಬಾಯಿ ಸಿಕ್ಕಿತು, ಇವರು ಸಿಗಲಿಲ್ಲ. ಇದನ್ನು ಒಪ್ಪಲಾಗುವುದಿಲ್ಲ."

ಒಬ್ಬಳ ಬಾಯಿಯೇ ಮೂವತ್ತೊಂಬತ್ತು ಪುಟ ಅಂದರೆ ಅದೇನು ಕಮ್ಮಿ ಮಾತೇ? ನನಗೆ ಒಳಗೊಳಗೇ ಹೆಮ್ಮೆಯೇ ಆಯಿತು. ಅವಳಿಗೆ ಮಾತ್ರ ಮುಖದಲ್ಲಿ ಕಳೆಯಿಲ್ಲ. ಕೊಡಲು ಉಳಿದದ್ದು ನಾಲ್ಕೇ ದಿನ.

ಮೊದಲ ಎರಡು ದಿನ ಅವಳು ಈ ಕಡೆ ತಲೆ ಹಾಕಲಿಲ್ಲ. ಕೊನೇ ದಿನದ ಹಿಂದಿನ ಮಧ್ಯಾಹ್ನ ಬಂದಳು. ನಾನು ಅಂಗಳದಲ್ಲಿ ಗೋಣಿತಾಟು ಹಾಸಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಎದುರಿಗೆ ಕೂತು, ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಒಂದೇ ಪ್ರಶ್ನೆ ಅತ್ಗೆ."

"ಹೇಳಿದ್ನಲ್ಲೇ, ಯಾವ್ದೂ ಇಲ್ಲ ಅಂತ. ಏನಾದ್ರೂ ಕಟ್ಟಿ ಬರ್ಕೋ. ಅವ್ರೇನು ನಮ್ಮನೇಗೆ ಬಂದು ನೋಡ್ತಾರಾ?"

"ಸುಳ್ಳು ಬರೆಯೋದಾಗಿದ್ರೆ ಹೋದ ವರ್ಷವೇ ಬರ್ದು ಕೊಡ್ತಿದ್ದೆ."

ಪೆನ್ನಿಗೆ ಮುಚ್ಚಳ ಹಾಕಿದಳು. "ಹೋಗ್ಲಿ ಬಿಡಿ ಅತ್ಗೆ. ಈ ವಯಸ್ಸಲ್ಲಿ ಡಿಗ್ರಿ ಇಟ್ಕೊಂಡು ನಾನೇನು ಮಾಡ್ಬೇಕು," ಅಂತ ಹಾಳೆಗಳನ್ನು ಜೋಡಿಸತೊಡಗಿದಳು.

ಅವಳನ್ನು ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ನೋಡಿದವಳು ನಾನು. ಬೀಳುವುದನ್ನು ನೋಡಿದ್ದೇನೆ, ಅಳುವುದನ್ನು ನೋಡಿದ್ದೇನೆ, ಪರೀಕ್ಷೆಯಲ್ಲಿ ಫೇಲಾಗಿ ಮತ್ತೆ ಕಟ್ಟುವುದನ್ನು ನೋಡಿದ್ದೇನೆ. ಹೋಗ್ಲಿ ಬಿಡಿ ಅಂದದ್ದನ್ನು ಕೇಳಿರಲಿಲ್ಲ.

"ಕೂತ್ಕೊಳೇ," ಅಂದೆ. "ಬರ್ಕೋ. ನಿನ್ನ ಸ್ಕೂಲು ಬಿಡಿಸಿದ್ದು."

"ಅದು ಅಪ್ಪ ಬಿಡಿಸಿದ್ದು ಅತ್ಗೆ."

"ಬಿಡಿಸಿದ್ದು ನಿಮ್ಮಪ್ಪ. ಬಿಡಿಸಿ ಅಂದಿದ್ದು ನಾನು."

ಹೇಳಿದ ಮೇಲೆ ಪೂರ್ತಿ ಹೇಳಲೇಬೇಕಲ್ಲ, ಹೇಳಿದೆ. ಅವಳು ಏಳನೇ ಕ್ಲಾಸಿನಲ್ಲಿ ಇಡೀ ಸ್ಕೂಲಿಗೆ ಮೊದಲು ಬಂದಿದ್ದಳು. ಅಜ್ಜಂಪುರದ ಹೈಸ್ಕೂಲಿಗೆ ಹಾಕಿ ಅಂತ ಮೇಷ್ಟ್ರು ಮನೆಗೆ ಬಂದು ಹೇಳಿದರು, ನಮ್ಮ ಮಾವನವರು ಆಗಲಿ ಅಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮೇಷ್ಟ್ರು ಹೋದ ಮೇಲೆ, "ಅವಳನ್ನ ಮನೇಲೇ ನಿಲ್ಸಿ ಮಾವ, ನನ್ನ ಕೈಲಿ ಆಗಲ್ಲ," ಅಂದೆ. ಅಷ್ಟೇ ಮಾತು. ಮಾರನೇ ದಿನದಿಂದ ಅವಳು ನನ್ನ ಮಗುವನ್ನು ಎತ್ತಿಕೊಂಡಳು. ಅಪ್ಪನ ಮೇಲೆ ಆವತ್ತು ಮುನಿಸಿಕೊಂಡವಳು ಅವರು ಸಾಯುವ ತನಕ ಆ ಮುನಿಸು ಬಿಡಲಿಲ್ಲ. ಅವರೂ ನನ್ನ ಹೆಸರು ಹೇಳಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನಾನು ಆ ಒಂದು ವಿಷಯಕ್ಕೆ ನಲವತ್ತೇಳು ವರ್ಷ ಬಾಯಿ ಬಿಡಲಿಲ್ಲ.

ಅವಳು ಬೈದಿದ್ದರೆ ಚೆನ್ನಾಗಿತ್ತು, ನನಗೆ ಉತ್ತರ ಕೊಡುವ ಅಭ್ಯಾಸವಿದೆ. ಕೋಳಿಯೊಂದು ಬಂದು ಗೋಣಿತಾಟು ಕೆದರಿತು, ಇಬ್ಬರೂ ಓಡಿಸಲಿಲ್ಲ. ಆಮೇಲೆ ಅವಳು ಪೆನ್ನಿನ ಮುಚ್ಚಳ ತೆಗೆದು ಬರೆಯಲು ಶುರುಮಾಡಿದಳು. ಬರೆದಳು, ಬರೆದಳು, ಪುಟ ತಿರುಗಿಸಿ ಮತ್ತೆ ಬರೆದಳು.

"ಏನೇ ಅಷ್ಟುದ್ದ? ಓದು ನೋಡೋಣ."

ಓದಿದಳು. "ಆಗ ಇವರ ವಯಸ್ಸು ಹತ್ತೊಂಬತ್ತು. ಕಂಕುಳಲ್ಲಿ ಒಂದು ಮಗು, ಹೊಟ್ಟೆಯಲ್ಲಿ ಇನ್ನೊಂದು. ಮನೆಯಲ್ಲಿ ಹನ್ನೊಂದು ಜನ. ಎಲ್ಲರ ಊಟವಾದ ಮೇಲೆ ಪಾತ್ರೆ ತಿಕ್ಕುತ್ತಾ ಕೂತಲ್ಲೇ ತೂಕಡಿಸುತ್ತಿದ್ದರು. ತನ್ನ ಕೈಲಿ ಆಗುವುದಿಲ್ಲ ಎಂದು ಇವರು ಬಾಯಿ ಬಿಟ್ಟು ಹೇಳಿದ್ದು ಅದೊಂದೇ ಸಲ."

"ಇದನ್ನೆಲ್ಲ ನಾನೆಲ್ಲೇ ಹೇಳ್ದೆ? ನಾನು ಹೇಳಿದ್ದು ಬರಿ. ತಪ್ಪು ಮಾಡ್ದೆ ಅಂತ ಬರಿ."

"ಅದನ್ನೂ ಬರ್ದಿದೀನಿ. ಇದು ನೀವು ಹೇಳಿದ್ದಲ್ಲ."

"ಮತ್ತೆ ಯಾರು ಹೇಳಿದ್ರು ನಿಂಗೆ?"

"ಯಾರು ಹೇಳ್ಬೇಕು ಅತ್ಗೆ? ನಾನು ಅಲ್ಲೇ ಇದ್ನಲ್ಲ."

ನಾನು ಬೀಜ ಹಾಕುವ ಕಡೆ ಹಣ್ಣು ಹಾಕಿದೆ, ಹಣ್ಣು ಹಾಕುವ ಕಡೆ ಬೀಜ ಹಾಕಿದೆ. ಅವಳು ಹಾಳೆಗಳನ್ನು ಪಕ್ಕಕ್ಕಿಟ್ಟು, ಹುಣಸೆಯ ರಾಶಿಯನ್ನು ತನ್ನ ಕಡೆ ಅರ್ಧ ಎಳೆದುಕೊಂಡು ಕೂತಳು.

ರಾಶಿ ಮುಗಿಯುವ ಹೊತ್ತಿಗೆ ಅಂದೆ, "ನಾಳೆ ಎಂಟರ ಬಸ್ಸಿಗೆ ನಾನೂ ಬತ್ತೀನಿ ಕಡೂರಿಗೆ."

"ನೀವ್ಯಾಕೆ ಅತ್ಗೆ, ಸೊಂಟ ನೋವು ಇಟ್ಕೊಂಡು?"

"ಸುಮ್ನಿರೇ. ಹುಡುಗೀನ ಸ್ಕೂಲಿಗೆ ಬಿಟ್ಟು ಬರೋಕೆ ಮನೆಯಿಂದ ಒಬ್ರು ದೊಡ್ಡೋರು ಬೇಡ್ವಾ?"