ಅಂಬುಜಾಳ ಎರಡೂವರೆ ಕೋಟಿ ಅಭಿಮಾನಿಗಳು

ನಿವೃತ್ತನಾದ ಮೇಲೆ ಮೊಬೈಲ್ ವಿದ್ಯೆಯಲ್ಲಿ ಯಾರ ಹಂಗೂ ಇಲ್ಲದೆ ಪಾರಂಗತನಾಗುತ್ತೇನೆ ಎಂದು ನಾನು ಪಣ ತೊಟ್ಟಿದ್ದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಬಜೆಟ್ ಅಂಕಿಗಳನ್ನು ಪಳಗಿಸಿದ ಕೈ ಇದು. ನನಗೆ ಇನ್ನೊಬ್ಬರು ಸಂಖ್ಯೆ ಹೇಳಿಕೊಡಬೇಕೇ?

ಆಗಲೇ ನನ್ನ ಹೆಂಡತಿ ಅಂಬುಜಾ ಗೊಜ್ಜವಲಕ್ಕಿ ಮಾಡುವ ವಿಡಿಯೊ ಒಂದನ್ನು ಹಾಕಿದಳು. ಹದಿನೈದು ದಿನಕ್ಕೆ ಅದರ ಕೆಳಗೆ 2.5K ಎಂದು ಮೂಡಿತು.

"ಕೆ ಅಂದ್ರೆ ಏನ್ರೀ?"

"ಲಕ್ಷಕ್ಕೆ ಎಲ್, ಕೋಟಿಗೆ ಕೆ. ಎರಡೂವರೆ ಕೋಟಿ ಜನ ನೋಡಿದಾರೆ ಕಣೇ ನಿನ್ನ."

"ಸ್ಮೃತಿನ ಒಂದ್ಮಾತು ಕೇಳೋಣ್ವಾ?" ಸ್ಮೃತಿ ಕೆಂಗೇರಿಯಲ್ಲಿರುವ ನಮ್ಮ ಮಗಳು.

"ನಾನಿರೋವಾಗ ಅವಳ್ಯಾಕೆ?"

ಅಂಬುಜಾ ಸೌಟು ಹಿಡಿದುಕೊಂಡೇ ಕುಸಿದು ಕೂತಳು. "ಅಯ್ಯೋ, ಅದ್ರಲ್ಲಿ ಹಳೇ ನೈಟಿ ಹಾಕ್ಕೊಂಡಿದೀನಲ್ರೀ!"

ನಾನು ಸುಮ್ಮನಿರಬಹುದಿತ್ತು. ಮರುದಿನ ಬಸವೇಶ್ವರನಗರದ ಪಾರ್ಕಿನಲ್ಲಿ ನಮ್ಮ ಬಡಾವಣೆ ಸಂಘದ ಅಧ್ಯಕ್ಷ ಮುರಳೀಕೃಷ್ಣರಿಗೆ ಹೇಳಿಬಿಟ್ಟೆ. ಅವರೂ ನಿವೃತ್ತರೇ, ನನ್ನ ಲೆಕ್ಕವನ್ನು ತಕ್ಷಣ ಅನುಮೋದಿಸಿದರು. ರಾಜ್ಯೋತ್ಸವಕ್ಕೆ ಸನ್ಮಾನ ಗೊತ್ತಾಯಿತು. ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು: 'ಎರಡೂವರೆ ಕೋಟಿ ಕನ್ನಡಿಗರ ಮನಗೆದ್ದ ಶ್ರೀಮತಿ ಅಂಬುಜಾ ವೆಂಕಟಗಿರಿ.' ನೈಟಿಯ ಕಳಂಕ ತೊಳೆಯಲು ಅಂಬುಜಾ ವಿಜಯನಗರಕ್ಕೆ ಹೋಗಿ ರೇಷ್ಮೆ ಸೀರೆ ತಂದಳು. ಮದುವೆಯಾದಾಗಲೂ ಅವಳ ಮುಖದಲ್ಲಿ ಅಷ್ಟು ಕಳೆ ಕಂಡಿರಲಿಲ್ಲ.

ಸಮಾರಂಭದ ದಿನ ನೇರವಾಗಿ ಅಲ್ಲಿಗೇ ಬಂದ ಸ್ಮೃತಿ, ಫ್ಲೆಕ್ಸ್ ಓದಿದವಳೇ ನನ್ನನ್ನು ವೇದಿಕೆಯ ಹಿಂದಕ್ಕೆ ಎಳೆದೊಯ್ದಳು.

"ಅಪ್ಪಾ, ಕೆ ಅಂದ್ರೆ ಸಾವಿರ."

"ಕೋಟಿಗೆ ಕೆ ಅಲ್ವೇನೇ?"

"ಅದು ನಿನ್ನ ಲೆಕ್ಕ. ಲೋಕದ ಲೆಕ್ಕ ಬೇರೆ ಇದೆ."

ಮೂವತ್ತನಾಲ್ಕು ವರ್ಷದ ಸರ್ವಿಸಿನ ಬೆವರೆಲ್ಲ ಒಂದೇ ಸಲ ಕಿತ್ತುಕೊಂಡು ಬಂತು. ನನ್ನ ಮಾನ ಹೋದರೆ ಹೋಗಲಿ, ಹೊಸ ಸೀರೆ ಉಟ್ಟು ಕೂತ ಅವಳ ಗತಿಯೇನು? ನಾನು ವೇದಿಕೆಗೆ ಓಡುವಷ್ಟರಲ್ಲಿ ಅವಳಿಗೆ ಶಾಲು ಹೊದಿಸಿ, ಪೇಟ ತೊಡಿಸಿ ಆಗಿತ್ತು. ಅವಳ ಕಿವಿಯಲ್ಲಿ ವಿಷಯ ಉಸುರಿ, ಕ್ಷಮಿಸು ಎಂದೆ. ಅವಳು ಎದ್ದು ಮೈಕ್ ಹಿಡಿದಳು.

"ಎರಡೂವರೆ ಕೋಟಿ ಅಲ್ವಂತೆ, ಎರಡೂವರೆ ಸಾವಿರವಂತೆ. ಅದ್ರಲ್ಲೂ ಸುಮಾರು ಸಲ ನಾನೇ ನೋಡಿದೀನಿ. ಕೆ ಅಂದ್ರೆ ಕೋಟಿ ಅಂತ ಲೆಕ್ಕ ಹಾಕಿದ್ದು ನಮ್ಮನೆಯವರು. ಸನ್ಮಾನ ಅವರಿಗೇ ಸಲ್ಲಬೇಕು."

ಶಾಲು ನನ್ನ ಹೆಗಲಿಗೆ, ಪೇಟ ನನ್ನ ತಲೆಗೆ ಬಂತು. ಆ ದಿನ ಮುಖ್ಯ ಅತಿಥಿಗಳಿಗೂ ಅಂಥ ಚಪ್ಪಾಳೆ ಬಿದ್ದಿರಲಿಲ್ಲ. ಸ್ಮೃತಿ ಅದನ್ನು ರೆಕಾರ್ಡ್ ಮಾಡಿ ಹಾಕಿಯೂಬಿಟ್ಟಳು. ಎರಡು ವಾರದಲ್ಲಿ ಅದರ ಕೆಳಗೆ 1.6M ಎಂದು ಬಂತು. ಈ ಸಲ ನಾನು ಲೆಕ್ಕ ಹಾಕಲು ಹೋಗದೆ ಸ್ಮೃತಿಗೇ ಫೋನ್ ಮಾಡಿ ಕೇಳಿದೆ. ಹದಿನಾರು ಲಕ್ಷವಂತೆ.

ಮರುದಿನ ಮುಖ ತಪ್ಪಿಸಿಕೊಳ್ಳಲೆಂದೇ ನಮ್ಮ ಬಡಾವಣೆ ಬಿಟ್ಟು ಗೋವಿಂದರಾಜನಗರಕ್ಕೆ ತರಕಾರಿಗೆ ಹೋದೆ. ಅಂಗಡಿಯ ಲಕ್ಷ್ಮಿದೇವಮ್ಮನಿಗೆ, "ಟೊಮೆಟೊ ಒಂದು ಕೆ.ಜಿ. ಕೊಡಮ್ಮ" ಎಂದೆ.

ಆಕೆ ತಕ್ಕಡಿ ಎತ್ತಿದವಳು ನನ್ನ ಮುಖ ನೋಡಿ ಹಾಗೇ ಕೆಳಗಿಟ್ಟಳು.

"ಸಾವಿರ ಗ್ರಾಂ ತಾನೇ ಸಾರ್? ಕೋಟಿ ಗ್ರಾಂ ಆದ್ರೆ ಲಾರಿಗೆ ಹೇಳ್ಬೇಕು."