ಮುಯ್ಯಿಗೆ ಹೋದ ಐದು ತಿಂಗಳು

ಖಾಲಿ ಜಾಗ ಕಂಡರೆ ಕೆಲವರಿಗೆ ಬೇಲಿ ಹಾಕುವ ಆಸೆ. ನನಗೆ ಅದು ಯಾಕೆ ಖಾಲಿ ಎಂದು ಕೇಳುವ ಚಟ. ಅರಸೀಕೆರೆಯ ಹೊರಗಿದ್ದ ಒಂದು ಕೊಬ್ಬರಿ ಪುಡಿ ಕಾರ್ಖಾನೆಯಲ್ಲಿ ತೊಂಬತ್ತರ ದಶಕದಿಂದ ವರ್ಷಾನುಗಟ್ಟಲೆ ಹಾಜರಿ ಪುಸ್ತಕ ಬರೆದವನು ನಾನು. ಅದರ ಒಂದೊಂದು ಖಾಲಿ ಚೌಕದ ಹಿಂದೆಯೂ ಏನಾದರೊಂದು ಪ್ರಸಂಗ ಇದ್ದೇ ಇರುತ್ತಿತ್ತು. ಕೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ, ಕೇಳಿದರೆ ಕೆಲಸ ಹೆಚ್ಚಾಗುತ್ತಿತ್ತು.

೧. ಆಷಾಢದ ಕಾಯಿಲೆ

ನಮ್ಮಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವವರೆಲ್ಲ ಹೆಂಗಸರು. ಅವರ ಪಿ.ಎಫ್. ಕಾಗದಗಳನ್ನು ತುಂಬುವುದೂ ನನ್ನದೇ ಪಾಲು. ‘ನಡುವೆ ಕೆಲಸ ಬಿಟ್ಟಿದ್ದರೆ ಕಾರಣ’ ಎಂಬ ಸಾಲಿನಲ್ಲಿ ಹೊಸದಾಗಿ ಮದುವೆಯಾದವರಿಗೆಲ್ಲ ‘ಆಷಾಢ’ ಎಂದು ಬರೆದು ಕಳಿಸಿದೆ. ಆ ತಿಂಗಳು ಹೊಸ ಸೊಸೆ ಅತ್ತೆಯ ಜೊತೆ ಒಂದೇ ಹೊಸಿಲು ದಾಟಬಾರದು, ತವರಿಗೆ ಹೋಗಬೇಕು ಎಂಬುದು ನಮಗೆ ಗೊತ್ತು. ಮೇಲಿನ ಕಚೇರಿಯಲ್ಲಿ ಯಾವ ಸೀಮೆಯವರು ಕೂತಿದ್ದರೋ, ವಾಪಸ್ ಕಾಗದ ಬಂತು: ಆಷಾಢ ಎಂದರೆ ಕಾಯಿಲೆಯೋ ಮುಷ್ಕರವೋ ತಿಳಿಸಿ, ಕಾಯಿಲೆಯಾದರೆ ವೈದ್ಯರ ಪತ್ರ ಲಗತ್ತಿಸಿ.

ಯಾವುದೆಂದು ಬರೆಯಲಿ ಅಂತ ಹೆಂಗಸರನ್ನೇ ಕೇಳಿದೆ.

“ಕಾಯಿಲೆ ಅಂತ್ಲೇ ಬರೀರಿ ಸ್ವಾಮಿ,” ಎಂದಳು ಒಬ್ಬಳು ಹೊಸ ಸೊಸೆ. “ಹನ್ನೊಂದು ತಿಂಗ್ಳು ಅತ್ತೆ ಮನೇಲಿದ್ರೆ ಬರೋದು. ತವರಿಗೋದ್ರೆ ವಾಸಿ ಆಯ್ತದೆ.”

೨. ಒಂದು ದಿನವೂ ತಪ್ಪಿಸದವಳು

ಇಂಥ ಖಾಲಿ ಚೌಕಗಳಿಂದ ನಗು ಬರುತ್ತಿದ್ದುದು ನಮ್ಮ ಹಾರನಹಳ್ಳಿ ಅಕ್ಕನ ಸರದಿ ಬರುವ ತನಕ. ಆಕೆ ಗಂಡನಿಲ್ಲದವಳು, ಹಾರನಹಳ್ಳಿಯಿಂದ ದಿನಾ ಟೆಂಪೋದಲ್ಲಿ ಬರುತ್ತಿದ್ದವಳು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅವಳಿಗೆ ಐವತ್ತೆಂಟು ತುಂಬುವುದರಲ್ಲಿತ್ತು. ಹತ್ತು ವರ್ಷ ಪಿ.ಎಫ್. ಕಟ್ಟಿದವರಿಗೆ ಸಾಯುವ ತನಕ ಪಿಂಚಣಿ. ಒಂಬತ್ತೂವರೆ ಆಗಿದ್ದರೂ ಹತ್ತೆಂದೇ ಹಿಡಿಯುತ್ತಾರೆ. ಅದಕ್ಕೂ ಕಡಿಮೆಯಾದರೆ ಒಂದೇ ಗಂಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾನು ಕೂಡಿಸಿದೆ, ಮತ್ತೆ ಕೂಡಿಸಿದೆ. ಒಂಬತ್ತು ವರ್ಷ ಎರಡೇ ತಿಂಗಳು.

“ಗಂಟು ಬ್ಯಾಡ ಸ್ವಾಮಿ,” ಎಂದಳು ಅಕ್ಕ. “ಗಂಟು ಒಂದಿನ ಮನೇಲಿ ಇರ್ತದೆ. ತಿಂಗ್ಳು ತಿಂಗ್ಳು ಬಂದ್ರೆ ಮನೇಲಿ ನಾನೂ ಇರ್ತೀನಿ.”

ಹಳೆಯ ಹಾಜರಿ ಪುಸ್ತಕಗಳನ್ನು ತಿರುವಿ ಹಾಕಿದೆ. ನಡುವೆ ಒಂದು ಕಡೆ ಅವಳ ಹೆಸರಿನ ಮುಂದೆ ಐದು ತಿಂಗಳು ಖಾಲಿ ಇತ್ತು. ಕಾಯಿ ಕಡಿಮೆಯಾಗಿ ಅರ್ಧ ಜನರನ್ನು ಮನೆಗೆ ಕಳಿಸಿದ್ದ ವರ್ಷ ಅದು. “ಆಗ ನೀನು ಮನೇಲಿದ್ದೆಯಲ್ಲ?” ಎಂದೆ.

“ಎಲ್ಲಿ ಮನೇಲಿದ್ದೆ? ದಿನಾ ಬಂದಿವ್ನಿ! ನಿಮ್ಮ ಮುಂದೇನೇ ಕೂತಿದ್ದೆ.”

“ಹಾಗಾದ್ರೆ ಹಾಜರಿ ಯಾಕಿಲ್ಲ?”

“ಅದು ಗೆಂಡೆಹಳ್ಳಿಯವಳ ಹೆಸ್ರಲ್ಲೈತೆ. ಮುಯ್ಯಿಗೆ ಬಂದಿದ್ದೆ.”

ಮುಯ್ಯಿ ಎಂದರೆ ಹೊಲದ ಪದ್ಧತಿ: ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಅದನ್ನು ಇವರು ಕಾರ್ಖಾನೆಗೂ ತಂದಿದ್ದರು. ಗೆಂಡೆಹಳ್ಳಿಯವಳೆಂದರೆ ಅಕ್ಕನ ಪಕ್ಕದ ಮನೆಯ ಸೊಸೆ, ಗೆಂಡೆಹಳ್ಳಿ ಅವಳ ತವರು. ಅವಳನ್ನು ಕೆಲಸದಲ್ಲಿ ಉಳಿಸಿಕೊಂಡಿದ್ದರು, ಆದರೆ ಅವಳು ಹೆರಿಗೆಗೆ ತವರಿಗೆ ಹೋಗಿದ್ದಳು. ಅವಳ ಜಾಗ ಬೇರೆಯವರ ಪಾಲಾಗದಿರಲಿ ಎಂದು ಅಕ್ಕ ಐದು ತಿಂಗಳು ಅಲ್ಲಿ ಕೂತು, ಅವಳ ಹೆಸರಿಗೆ ‘ಹ್ಞೂಂ’ ಎಂದಿದ್ದಳು. ಕೂಲಿ ಬಾಣಂತಿಯ ಮನೆಗೆ. ಅದನ್ನು ಗೆಂಡೆಹಳ್ಳಿಯವಳು ಆಮೇಲೆ ಮೂರು ಸುಗ್ಗಿ ಅಕ್ಕನ ಹೊಲದಲ್ಲಿ ರಾಗಿ ಕುಯ್ದು ತೀರಿಸಿದ್ದಳು.

“ನಾನು ಹೆಸರು ಕೂಗುವಾಗ ನಿನ್ನ ಮುಖ ಕಾಣ್ಲಿಲ್ವಾ ನಂಗೆ?”

“ನೀವ್ಯಾವತ್ತು ತಲೆ ಎತ್ತೀರಿ ಸ್ವಾಮಿ? ಎಮ್ಮೆ ಬಂದು ಹ್ಞೂಂ ಅಂದಿದ್ರೂ ಹಾಜ್ರಿ ಹಾಕಿರೋರು.”

೩. ಪುರಾವೆ

ಪಿ.ಎಫ್. ಕಚೇರಿಯಿಂದ ತಪಾಸಣೆಗೆ ಬಂದ ಅಧಿಕಾರಿ ತಾಳ್ಮೆಯ ಮನುಷ್ಯ, ನಮ್ಮ ಕಡೆಯವರೇ. ಇಬ್ಬರು ಹೆಂಗಸರನ್ನೂ ಅವರ ಮುಂದೆ ನಿಲ್ಲಿಸಿ ನನ್ನ ತಪ್ಪು ಒಪ್ಪಿಕೊಂಡೆ.

ಗೆಂಡೆಹಳ್ಳಿಯವಳೇ ಬಾಯಿ ಹಾಕಿದಳು. “ನಂದು ಹನ್ನೆರಡು ವರ್ಷ ಐತೆ ಸಾರ್. ಹತ್ತಾದ್ರೆ ನಂಗೆ ಸಾಕು, ಮಿಕ್ಕಿದ್ದು ಅಕ್ಕಂಗೆ ಬರ್ಕೊಳ್ಳಿ.”

“ಸರ್ವೀಸು ಅಂದ್ರೆ ಸೇರು ಅಕ್ಕಿಯೇನಮ್ಮ, ಅಳೆದು ಕೊಡೋಕೆ?” ಎಂದರು ಅಧಿಕಾರಿ. “ಆ ಐದು ತಿಂಗಳು ನೀನು ಇಲ್ಲಿರಲಿಲ್ಲ ಅಂತ ಪುರಾವೆ ಕೊಡು, ಆಮೇಲೆ ನೋಡೋಣ. ಹೆರಿಗೆ ಎಲ್ಲಾಯ್ತು?”

“ಬೇಲೂರು ಆಸ್ಪತ್ರೇಲಿ.”

“ಅದರ ದಾಖಲೆ ತಗೊಂಡು ಬಾ.”

ಮರುದಿನ ಅವಳು ಎರಡು ಜಡೆಯ ಒಂದು ಹುಡುಗಿಯನ್ನು ಕರೆತಂದು ಅವರ ಮೇಜಿನ ಮುಂದೆ ನಿಲ್ಲಿಸಿದಳು.

“ಇದೇನಮ್ಮ?”

“ನೀವೇ ಹೇಳಿದ್ರಲ್ಲ. ಆಸ್ಪತ್ರೇಲಿ ಕೊಟ್ಟಿದ್ದು ಇದೇ.”

ಕೊನೆಗೆ ನಾನೇ ಬಸ್ಸು ಹತ್ತಿ ಬೇಲೂರಿಗೆ ಹೋಗಿ ಜನನದ ದಾಖಲೆ ತಂದೆ. ಅದರಲ್ಲಿ ತಾಯಿ ಆ ದಿನ ಬೇಲೂರಿನಲ್ಲಿದ್ದಳು. ನನ್ನ ಪುಸ್ತಕದಲ್ಲಿ ಅದೇ ದಿನ ಅರಸೀಕೆರೆಯಲ್ಲಿ ಕೂತು ಸಿಪ್ಪೆ ಹೆರೆಯುತ್ತಿದ್ದಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಅಧಿಕಾರಿ, “ಏನ್ರೀ, ಹೆರಿಗೆಯಾದ ದಿನವೂ ಪೂರ್ತಿ ಹಾಜರಿ ಹಾಕಿದೀರಲ್ಲ! ಇಂಥ ಕೆಲಸಗಾರ್ತಿಗೆ ಬಹುಮಾನ ಕೊಡ್ಲಿಲ್ವಾ?” ಎಂದರು.

೪. ರಾಗಿ ಹೊಲದಲ್ಲಿ ರುಜು

ಅವರು ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸರ ಹೇಳಿಕೆಗಳನ್ನೂ ಬರೆದುಕೊಂಡರು. ಐದು ತಿಂಗಳು ನಿಜವಾಗಿ ದುಡಿದವಳ ಹೆಸರಿಗೆ ತಿರುಗಿತು. ಒಂಬತ್ತು ವರ್ಷ ಏಳು ತಿಂಗಳು! ಮಂಜೂರಾತಿ ಕಾಗದ ಬಂದ ದಿನ ನನಗೆ ತಡೆಯಲಾಗಲಿಲ್ಲ. ಅಕ್ಕನ ರುಜು ಬೇಕೆಂಬ ನೆಪ ಮಾಡಿಕೊಂಡು ಹಾರನಹಳ್ಳಿಗೇ ಹೋದೆ. ಮನೆಯಲ್ಲಿ ಇರಲಿಲ್ಲ. ಹುಡುಕಿದರೆ ಗೆಂಡೆಹಳ್ಳಿಯವಳ ಹೊಲದಲ್ಲಿ ಬಗ್ಗಿ ರಾಗಿ ಕುಯ್ಯುತ್ತಿದ್ದಳು.

“ಅಕ್ಕಾ, ಪಿಂಚಣಿ ಆಯ್ತು! ಇನ್ನೂ ಯಾಕೆ ಕೂಲಿ?”

“ಕೂಲಿ ಅಲ್ಲ ಸ್ವಾಮಿ, ಮುಯ್ಯಿ. ಆ ಐದು ತಿಂಗ್ಳು ವಾಪಸ್ ನಂಗೇ ಬಂದ್ವಲ್ಲ. ಅದಕ್ಕೆ ಅಂತ ಅವಳು ಮೂರು ಸುಗ್ಗಿ ನಮ್ಮೊಲದಾಗೆ ಕುಯ್ದವ್ಳೆ. ಅದೂ ಇಟ್ಕಂಡು ಇದೂ ಇಟ್ಕಂಡ್ರೆ ಆಯ್ತದಾ?”

ಗೆಂಡೆಹಳ್ಳಿಯವಳು ಬದುವಿನ ಮೇಲೆ ಕೂತು ಬೇಡವೆಂದು ಬಡಕೊಳ್ಳುತ್ತಿದ್ದಳು. ಇವಳು ಕೇಳಬೇಕಲ್ಲ! ಸರ್ಕಾರದ ಯಾವ ನಿಯಮದಲ್ಲೂ ಇಂಥ ನ್ಯಾಯ ನಾನು ಕಂಡಿರಲಿಲ್ಲ. ಕಣ್ಣು ತೇವವಾಯಿತು, ಸುಳ್ಳು ಯಾಕೆ ಹೇಳಲಿ. ಕಾಗದ ಮುಂದೆ ಹಿಡಿದೆ.

“ಈ ಸಾಲು ಮುಗೀಲಿ, ರುಜು ಹಾಕ್ತೀನಿ. ಸುಮ್ನೆ ನಿಂತ್ಕಂಡ್ರೆ ಬಿಸ್ಲು ಜಾಸ್ತಿ. ಅಗೋ, ಅಲ್ಲೊಂದು ಕುಡ್ಲು ಐತೆ.”

ಒಂದು ಸಾಲೆಂದದ್ದು ನಾಲ್ಕಾಯಿತು. ಪ್ಯಾಂಟು ಮಡಚಿಕೊಂಡು, ಕುಡುಗೋಲು ಹಿಡಿದು ಸಂಜೆಯ ತನಕ ಕುಯ್ದೆ. ಸೊಂಟ ನೆಟ್ಟಗಾಗುವುದಕ್ಕೆ ವಾರ ಬೇಕಾಯಿತು. ಅಕ್ಕ ರುಜು ಹಾಕಿ, ಕಾಗದ ನನ್ನ ಕೈಗಿಟ್ಟು, ಗಂಭೀರವಾಗಿ ಹೇಳಿದಳು:

“ಯೋಚ್ನೆ ಮಾಡ್ಬ್ಯಾಡಿ ಸ್ವಾಮಿ. ನಿಮ್ದೊಂದು ದಿನ ಇವಳ ತಾವ ಐತೆ. ಯಾವತ್ತಾದ್ರೂ ಆಪೀಸಿಗೆ ಬರಕ್ಕಾಗ್ದಿದ್ರೆ ಹೇಳಿ ಕಳ್ಸಿ. ನಿಮ್ಮ ಕುರ್ಚಿ ಮೇಲೆ ಬಂದು ಕೂತ್ಕತ್ತಾಳೆ.”